ನರ ತೆಗೆದ ಹಲ್ಲು, ಮಾವನ ಮೌತ್‌ಪೀಸು

ಕ್ಲಾರಿನೆಟ್ ಊದುವವನನ್ನು ಮೆರವಣಿಗೆಯಲ್ಲಿ ನೋಡುವವರಿಗೆ ಅವನ ಬೆರಳು ಕಾಣುತ್ತದೆ, ಬಿಗಿದ ಕೆನ್ನೆ ಕಾಣುತ್ತದೆ. ಹಲ್ಲು ಕಾಣುವುದಿಲ್ಲ. ಕೆಳತುಟಿಯನ್ನು ಕೆಳಗಿನ ಹಲ್ಲಿನ ಮೇಲೆ ಮಡಿಸಿ, ಅದರ ಮೇಲೆ ವಾದ್ಯದ ರೀಡನ್ನು, ಅಂದರೆ ಸ್ವರ ಹೊರಡಿಸುವ ತೆಳು ಸೀಳನ್ನು, ಕೂರಿಸುತ್ತೇವೆ. ಮೇಲುಗಡೆ ಮಾತ್ರ ತುಟಿಯ ಮೆತ್ತೆ ಇರುವುದಿಲ್ಲ. ಮೇಲಿನ ಮುಂಬಲ್ಲು ಮೌತ್‌ಪೀಸಿನ ಎಬೊನೈಟಿನ, ಅಂದರೆ ಗಟ್ಟಿ ಕಪ್ಪು ರಬ್ಬರಿನ, ಮೇಲೆ ನೇರವಾಗಿ ಕೂರುತ್ತದೆ. ಬಲಗೈ ಹೆಬ್ಬೆರಳು ವಾದ್ಯವನ್ನು ಮೇಲಕ್ಕೆ ಒತ್ತುತ್ತದೆ, ಹಲ್ಲು ಅದನ್ನು ತಡೆದು ಹಿಡಿಯುತ್ತದೆ. ಸ್ವರ ಅಲುಗದೆ ನಿಲ್ಲುವುದು ಹಾಗೆ. ನನಗೆ ಇದು ಉಸಿರಾಟದಷ್ಟು ಸಹಜವಾಗಿ ಗೊತ್ತಿದ್ದುದರಿಂದ, ಇದನ್ನು ಯಾರಿಗಾದರೂ ಬಾಯಿಬಿಟ್ಟು ಹೇಳಬೇಕೆಂದು ಹೊಳೆಯಲಿಲ್ಲ. ಒಂದು ವರ್ಷದ ಮದುವೆ ಸೀಸನ್ನಿನ ಮುಕ್ಕಾಲು ಭಾಗ ಅದರಿಂದಲೇ ಹಾಳಾಯಿತು.

ತೊಂಬತ್ತರ ದಶಕದ ಆರಂಭದ ಮಾತಿದು. ನಮ್ಮದು ಶಿಡ್ಲಘಟ್ಟದ ಒಂದು ಸಣ್ಣ ಬ್ಯಾಂಡ್ ಸೆಟ್ಟು. ಮದುವೆಗಳಿಲ್ಲದ ತಿಂಗಳುಗಳಲ್ಲಿ ನಮ್ಮಲ್ಲಿ ಹೆಚ್ಚಿನವರು ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದೆವು. ಮಾಘ ಬಂದರೆ ಕೆಂಪು ಕೋಟು ಹಾಕುತ್ತಿದ್ದೆವು. ಸೆಟ್ಟಿನ ಮಾಸ್ತರು ನನ್ನ ತಾಯಿಯ ಅಣ್ಣ, ನನಗೆ ಸೋದರಮಾವ. ಒಂದು ಕಾಲಕ್ಕೆ ಅವರೇ ಕ್ಲಾರಿನೆಟ್ ಊದುತ್ತಿದ್ದರು. ಮುಂಬಲ್ಲು ಹೋದ ಮೇಲೆ ವಾದ್ಯವನ್ನು ನನಗೆ ಕೊಟ್ಟು, ತಾವು ಕೋಲು ಹಿಡಿದು ಸೆಟ್ಟಿನ ಮುಂದೆ ನಡೆಯತೊಡಗಿದರು. ಹಲ್ಲು ಹೇಗೆ ಹೋಯಿತೆಂದು ಯಾರಾದರೂ ಕೇಳಿದರೆ, "ವಯಸ್ಸಾಯ್ತು, ಹೋಯ್ತು" ಎನ್ನುತ್ತಿದ್ದರು. ಆಗ ಅವರಿಗೆ ಅಂಥ ವಯಸ್ಸೇನೂ ಆಗಿರಲಿಲ್ಲ.

ಕಲಿಸುವಾಗ ಅವರು ಮೊದಲು ಹೇಳಿಕೊಟ್ಟದ್ದು ಸ್ವರವಲ್ಲ, ಹಲ್ಲಿಡುವ ಜಾಗ. ಮೌತ್‌ಪೀಸಿನ ಮೇಲ್ಭಾಗದಲ್ಲಿ, ನಡುವಿಗಿಂತ ಸ್ವಲ್ಪ ಎಡಕ್ಕೆ, ಉಗುರಿನ ತುದಿ ಕೂರುವಷ್ಟು ಒಂದು ಗುಳಿ ಇತ್ತು. ಹಲ್ಲು ಕೂತು ಕೂತು ಎಬೊನೈಟು ಸವೆದು ಆದ ಗುಳಿ.

"ಕಣ್ಣು ಮುಚ್ಚಿದ್ರೂ ಹಲ್ಲು ಅಲ್ಲಿಗೇ ಹೋಗ್ಬೇಕು ಕಣೋ," ಎಂದಿದ್ದರು. "ದನ ಸಂಜೆ ಕೊಟ್ಟಿಗೆಗೆ ಬರಲ್ವಾ, ಹಂಗೆ."

ನನ್ನ ಎಡ ಮುಂಬಲ್ಲು ಹಾಗೆಯೇ ಹೋಗಿ ಅಲ್ಲಿ ಕೂರುತ್ತಿತ್ತು. ಆಯುಧಪೂಜೆಯ ದಿನ ಕುಂಕುಮ ಇಡುತ್ತಿದ್ದುದು ಆ ಗುಳಿಗೇ. ಪ್ರತಿ ಮದುವೆಯಲ್ಲೂ ಮೆರವಣಿಗೆ ಹೊರಡುವ ಮುಂಚೆ ಮಾವ ವಾದ್ಯವನ್ನು ನನ್ನ ಕೈಯಿಂದ ತೆಗೆದುಕೊಂಡು, ಹೆಬ್ಬೆರಳಿನಿಂದ ಗುಳಿಯನ್ನು ಒರೆಸಿ, ಮುಂಬಲ್ಲಿಲ್ಲದ ಬಾಯಲ್ಲಿ ತುಟಿಯಿಂದಲೇ ಹಿಡಿದು ಒಂದು ಸ್ವರ ಊದಿ ಹಿಂದಿರುಗಿಸುತ್ತಿದ್ದರು. ಆಮೇಲೆಯೇ ಡ್ರಮ್ಮಿಗೆ ಏಟು ಬೀಳುತ್ತಿದ್ದುದು.

ಈ ಹಲ್ಲುನೋವಿಗೆ ಕೆಲವು ವರ್ಷಗಳ ಮುಂಚೆ ಜಂಗಮಕೋಟೆಯ ಒಂದು ಮೆರವಣಿಗೆಯಲ್ಲಿ, ಕುಣಿಯುತ್ತಿದ್ದ ಗಂಡಿನ ಕಡೆಯವನೊಬ್ಬನ ಮೊಣಕೈ ವಾದ್ಯದ ತುದಿಗೆ ಬಡಿದಿತ್ತು. ಮೌತ್‌ಪೀಸು ಹಲ್ಲಿಗೆ ಗುದ್ದಿತು. ಕೆಲ ದಿನ ನೋವಿದ್ದು ಹೋಯಿತು. ಆಮೇಲೆ ಆ ಹಲ್ಲು ನಿಧಾನವಾಗಿ ಬೂದು ಬಣ್ಣಕ್ಕೆ ತಿರುಗಿತು. ನಾನು ಅದರ ಬಗ್ಗೆ ಯೋಚಿಸಲಿಲ್ಲ. ನಾನು ಹೇಳುತ್ತಿರುವ ವರ್ಷದ ಪುಷ್ಯಮಾಸದಲ್ಲಿ, ಸೀಸನ್ ಶುರುವಾಗಲು ಇನ್ನೇನು ಕೆಲವು ದಿನ ಇರುವಾಗ, ಆ ಹಲ್ಲೊಂದೇ ಉಳಿದ ಹಲ್ಲುಗಳಿಗಿಂತ ಉದ್ದವಾದಂತೆ ಅನ್ನಿಸತೊಡಗಿತು. ಬಾಯಿ ಮುಚ್ಚಿದರೆ ಮೊದಲು ಅದೇ ತಗಲುತ್ತಿತ್ತು. ಮಲಗಿದರೆ ಮೂಗಿನ ಕೆಳಗೆ ನಾಡಿ ಬಡಿದ ಹಾಗೆ ಬಡಿಯುತ್ತಿತ್ತು. ಮೇಲಿನ ವಸಡಿನಲ್ಲಿ ಒಂದು ಗುಳ್ಳೆ ಎದ್ದಿತು.

ಇಲ್ಲಿಂದ ಎಲ್ಲರೂ ವೈದ್ಯರಾದರು. ಹೆಂಡತಿ ಲವಂಗದ ಎಣ್ಣೆ ಹಚ್ಚಿದಳು, ತುಟಿ ಸುಟ್ಟಿತು. ಮಾವ ಜಗಲಿಯ ಮೇಲೆ ಕೂತು ಒಂದೇ ಮಾತು ಹೇಳಿದರು. ಸಿಟ್ಟು ಬಂದರೆ ಅವರ ಬಾಯಿಗೆ ತೆಲುಗು ಬರುತ್ತಿತ್ತು.

"ಪೀಕೇಯ್ ರಾ ದಾನ್ನಿ! ಕಿತ್ತು ಬಿಸಾಕು. ಕಟ್ಟಿಸಿದ ಹಲ್ಲು ಹಾಕ್ಕೊಂಡ್ರಾಯ್ತು."

"ಕಟ್ಟಿಸಿದ ಹಲ್ಲಲ್ಲಿ ಊದಕ್ಕಾಗೋದಾಗಿದ್ರೆ ನೀವ್ಯಾಕ್ ಬಿಟ್ರಿ ಮಾವ?" ಎಂದೆ.

ಅಷ್ಟರಲ್ಲಿ ಒಳಗಿನಿಂದ ಅಮ್ಮ ಬಂದಳು.

"ಮೇಲಿನ ಹಲ್ಲು ಮಾತ್ರ ಕೀಳಿಸ್ಬೇಡಪ್ಪ. ಕಣ್ಣಿನ ನರ ಅಲ್ಲೇ ಇರೋದು. ಹಲ್ಲು ಕಿತ್ರೆ ಕಣ್ಣು ಹೋಗುತ್ತೆ."

ನಮ್ಮ ಸೆಟ್ಟಿನ ಟ್ರಂಪೆಟ್‌ನವರು, ಟೌನಿನ ಸಾಬರು, ಅಲ್ಲೇ ಕೂತಿದ್ದರು. "ಹೋದ್ರೆ ಹೋಗ್ಲಿ ಬಿಡಮ್ಮ," ಎಂದರು. "ಮದ್ವೆ ಮನೆಯೋರು ಬ್ಯಾಂಡಿನೋರಿಗೆ ಕೊಡೋ ಊಟನ ನೋಡ್ದೇನೇ ತಿನ್ಬೋದು."

ಎಲ್ಲರೂ ನಕ್ಕರು. ನನಗೆ ನಗಲು ಬಾಯಿ ತೆರೆಯಲಾಗಲಿಲ್ಲ. ಕಿತ್ತರೆ ಕ್ಲಾರಿನೆಟ್ ಹೋಗುತ್ತದೆ, ಬಿಟ್ಟರೆ ನಿದ್ದೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ಅಲ್ಲಿ ಔಷಧದ ಅಂಗಡಿಯೊಂದರ ಮಹಡಿಯ ಮೇಲೆ ಹಲ್ಲಿನ ಡಾಕ್ಟರಮ್ಮ ಒಬ್ಬರು ಹೊಸದಾಗಿ ಶಾಪು ಇಟ್ಟಿದ್ದರು. ಹಲ್ಲು ಕೀಳದೆಯೂ ವಾಸಿ ಮಾಡುತ್ತಾರೆಂದು ಕೇಳಿದ್ದೆ.

ಅವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಸಣ್ಣ ಕನ್ನಡಿಯ ಹಿಡಿಯಿಂದ ಮೇಲಿನ ಹಲ್ಲುಗಳನ್ನು ಒಂದೊಂದಾಗಿ ತಟ್ಟಿದರು. ಬೂದು ಹಲ್ಲಿಗೆ ತಟ್ಟಿದಾಗ ನನ್ನ ಕಾಲುಗಳು ಕುರ್ಚಿಯಿಂದ ಮೇಲೆದ್ದವು. ಆಮೇಲೆ ಮಂಜುಗಡ್ಡೆಯ ಚೂರೊಂದನ್ನು ಪಕ್ಕದ ಹಲ್ಲಿಗೆ ಒತ್ತಿದರು, ಜುಮ್ಮೆಂದಿತು. ಬೂದು ಹಲ್ಲಿಗೆ ಒತ್ತಿದರು, ಏನೂ ಗೊತ್ತಾಗಲಿಲ್ಲ.

"ಒಳಗಿರೋ ನರ ಸತ್ತುಹೋಗಿದೆ," ಎಂದರು. "ಯಾವಾಗಾದ್ರೂ ಏಟು ಬಿದ್ದಿತ್ತಾ?"

"ಬಿದ್ದಿತ್ತು. ಆದ್ರೆ ಸತ್ತುಹೋಗಿದ್ರೆ ನೋವು ಯಾಕೆ ಡಾಕ್ಟರಮ್ಮ?"

"ಸತ್ತಿದ್ದು ಒಳಗೇ ಕೊಳೆತಿದೆ. ಆ ಕೊಳೆ ಬೇರಿನ ತುದಿಯಿಂದ ಮೂಳೆಗೆ ಸೋರ್ತಿದೆ. ನೋವು ಅಲ್ಲಿಂದು."

ಇದು ನನಗೆ ತಕ್ಷಣ ಅರ್ಥವಾಯಿತು. ಹುಳು ಒಳಗೇ ಸತ್ತು ಕೊಳೆತ ರೇಷ್ಮೆಗೂಡು ನನಗೆ ಗೊತ್ತು. ಹೊರಗೆ ಬೆಳ್ಳಗಿರುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳ್ಳೆಯ ಗೂಡಿನಂತೆ ಸದ್ದು ಬರುವುದಿಲ್ಲ. ಬಿಸಿನೀರಿಗೆ ಹಾಕಿದರೆ ಬಣ್ಣ ಬಿಟ್ಟು ಪಕ್ಕದ ಗೂಡುಗಳ ನೂಲನ್ನೂ ಕೆಡಿಸುತ್ತದೆ. ಮಾಡಬೇಕಾದ್ದನ್ನು ಡಾಕ್ಟರಮ್ಮ ವಿವರಿಸಿದರು: ಹಲ್ಲಿನ ಹಿಂಬದಿಯಲ್ಲಿ ಸಣ್ಣ ತೂತು ಮಾಡಿ, ಬೇರಿನ ಒಳಗಿನ ನಾಳವನ್ನು ತುದಿಯವರೆಗೆ ಕೆರೆದು ತೊಳೆದು, ಒಣಗಿಸಿ, ಮತ್ತೆ ಏನೂ ನುಗ್ಗದ ಹಾಗೆ ತುಂಬಿ ಮುಚ್ಚುವುದು. ಅದಕ್ಕೆ ರೂಟ್ ಕೆನಾಲ್ ಎನ್ನುತ್ತಾರೆ ಎಂದರು. ಒಂದೇ ಸಲಕ್ಕೆ ಆಗುವುದಿಲ್ಲ, ಕೆಲವು ಸಲ ಬರಬೇಕು ಎಂದರು.

"ಏನು ಕೆಲ್ಸ ಮಾಡ್ತೀರಾ?"

"ನೂಲು ಬಿಚ್ಚೋದು. ಸೀಸನ್ನಲ್ಲಿ ಬ್ಯಾಂಡ್ ಸೆಟ್ಟು."

"ಬಾರ್ಸೋದಾ, ಊದೋದಾ?"

"ಊದೋದು."

"ಸದ್ಯಕ್ಕೆ ಊದ್ಬೇಡಿ. ನೋವು ಪೂರ್ತಿ ಹೋಗ್ಲಿ."

ಆ ಮಾತನ್ನು ನಾನು ಹಾಗೆಯೇ ಇಟ್ಟುಕೊಂಡೆ: ನೋವು ಹೋಗುವವರೆಗೆ ಊದಬಾರದು.

ಮರಗಟ್ಟಿಸುವ ಸೂಜಿ ಕೊಟ್ಟು ಕೆಲಸ ಶುರು ಮಾಡಿದರು. ಹಲ್ಲಿನ ಹಿಂದಿನಿಂದ ಕೊರೆಯುವಾಗ ಕರೆಂಟು ಹೋಯಿತು. ಕೊರೆಯುವ ಯಂತ್ರ ನರಳುತ್ತಾ ನಿಂತಿತು. ಅವರು ಅದನ್ನು ಹೊರಗೆ ತೆಗೆದು, ಕಿಟಕಿಯ ಹತ್ತಿರ ಹೋಗಿ ನಿಂತರು. ನಾನು ಬಾಯಿ ತೆರೆದುಕೊಂಡೇ ಛಾವಣಿಯ ಫ್ಯಾನು ನೋಡುತ್ತಿದ್ದೆ. ಕರೆಂಟು ಬಂದಿತು, ಹೋಯಿತು, ಮತ್ತೆ ಬಂದಿತು. ಕೊನೆಗೆ ತೂತು ಒಳಗೆ ಮುಟ್ಟಿದಾಗ ಒಂದು ವಾಸನೆ ಬಂತು. ನೂಲು ಬಿಚ್ಚಿ ಮುಗಿದ ಮೇಲೆ ಉಳಿಯುವ ಹುಳುಗಳನ್ನು ಮೂಟೆ ಕಟ್ಟಿ ಮರೆತರೆ ಬರುವ ವಾಸನೆ. ಅದು ನನ್ನ ಬಾಯಿಂದ ಬಂದದ್ದೆಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ನಾಳ ಕೆರೆಯುವುದಕ್ಕೆ ಕೂದಲಿನಂಥ ಸಣ್ಣ ಉಕ್ಕಿನ ಅರಗಳು. ಜಾರಿ ಗಂಟಲಿಗೆ ಬೀಳದಿರಲೆಂದು ಪ್ರತಿಯೊಂದಕ್ಕೂ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ತಮ್ಮ ಬೆರಳಿಗೆ ಸುತ್ತಿಕೊಂಡಿದ್ದರು. ಒಂದು ಅರ ಒಳಗಿರುವಾಗಲೇ ಬಾಯೊಳಗೆ ಸಣ್ಣ ಫಿಲಂ ಇಟ್ಟು, ನನ್ನ ಹೆಬ್ಬೆರಳಿನಿಂದಲೇ ಅದನ್ನು ಒತ್ತಿ ಹಿಡಿಸಿ, ಎಕ್ಸ್‌ರೇ ತೆಗೆದರು. ಬೇರಿನ ತುದಿಯವರೆಗೆ ಅರ ಮುಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಪುಟ್ಟ ಸ್ಕೇಲಿನಲ್ಲಿ ಅಳತೆ ಮಾಡಿಕೊಂಡರು. ಆ ಫಿಲಮ್ಮಿನಲ್ಲಿ ಬೇರಿನ ತುದಿಗೆ ಕಾಳಿನಷ್ಟು ಕಪ್ಪು ನೆರಳಿತ್ತು. ಮೂಳೆ ಕರಗಿದ ಜಾಗ ಅದು ಎಂದರು. ತೊಳೆದು, ಮದ್ದಿನ ಹತ್ತಿ ಇಟ್ಟು, ಸುಣ್ಣದಂಥದ್ದರಿಂದ ತಾತ್ಕಾಲಿಕವಾಗಿ ಮುಚ್ಚಿ ಕಳಿಸಿದರು.

ಸಂಜೆಯ ಹೊತ್ತಿಗೆ ನೋವು ಪೂರ್ತಿ ಹೋಯಿತು. ಎಷ್ಟು ಪೂರ್ತಿ ಎಂದರೆ, ಇಷ್ಟು ದಿನ ಇದನ್ನು ಯಾಕೆ ಸಹಿಸಿದೆನೆಂದು ನನ್ನ ಮೇಲೆಯೇ ಕೋಪ ಬಂತು. ಮಾಘದ ಮೊದಲ ಮದುವೆ ಮುರುಗಮಲ್ಲದಲ್ಲಿ, ಒಬ್ಬ ಅಂಗಡಿಯವರ ಮನೆಯದು. ನೋವು ಹೋಗಿತ್ತು. ಊದಿದೆ. ಹೆಣ್ಣಿನ ಮನೆಯಿಂದ ಛತ್ರದವರೆಗೆ ನಿಲ್ಲಿಸದೆ ಊದಿದೆ.

ಮರುದಿನ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಮೇಲುತುಟಿ, ಕೆನ್ನೆ ಒಂದಾಗಿ ಉಬ್ಬಿ ಎಡಗಣ್ಣು ಅರ್ಧ ಮುಚ್ಚಿಹೋಗಿತ್ತು. ಅಮ್ಮ ಎದೆ ಬಡಿದುಕೊಂಡಳು.

"ನಾನು ಹೇಳ್ಲಿಲ್ವಾ? ಕಣ್ಣಿಗೇ ಬಂತು ನೋಡು!"

"ಹಲ್ಲು ಕಿತ್ತಿಲ್ಲಮ್ಮ. ಹಲ್ಲು ಇಲ್ಲೇ ಇದೆ."

"ಕಿತ್ತಿಲ್ಲ, ಕೊರೆಸಿದ್ಯಲ್ಲ!"

ಡಾಕ್ಟರಮ್ಮ ನೋಡಿದ ಕೂಡಲೇ ಕೇಳಿದರು: "ಊದಿದ್ರಾ?"

"ನೋವು ಹೋಗೋವರೆಗೂ ಬೇಡ ಅಂದಿದ್ರಿ. ಹೋಯ್ತು. ಊದ್ದೆ."

"ನಾನು ಹಂಗಂದ್ನಾ?"

"ಅಂದ್ರಿ."

ಅವರು ಮುಚ್ಚಿದ್ದನ್ನು ಬಿಚ್ಚಿದರು. ಕೀವು ಹರಿಯಿತು. ಈ ಸಲ ಮುಚ್ಚದೆ, ಒಳಗಿನದು ಸೋರಿಹೋಗಲೆಂದು ಬರೀ ಹತ್ತಿ ತುರುಕಿ, ಮಾತ್ರೆ ಬರೆದುಕೊಟ್ಟರು. ಹತ್ತಿ ಬದಲಾಯಿಸಲು ಬನ್ನಿ, ತೊಳೆಸಲು ಬನ್ನಿ ಎಂದರು, ಮತ್ತೆ ಮತ್ತೆ ಬಸ್ಸು ಹತ್ತಿದೆ. ಒಂದು ಸಲ ಹೋದರೆ ಕರೆಂಟಿಲ್ಲ. ಇನ್ನೊಂದು ಸಲ ಹೋದರೆ ಎಕ್ಸ್‌ರೇ ಫಿಲಂ ಬಂದಿಲ್ಲ. ಮತ್ತೊಂದು ಸಲ ಬಾಗಿಲಿಗೆ ಬೀಗ, ಡಾಕ್ಟರಮ್ಮ ಊರಿಗೆ ಹೋಗಿದ್ದಾರೆಂದು ಔಷಧದ ಅಂಗಡಿಯವನು ಹಲ್ಲು ಬಿಟ್ಟು ಹೇಳಿದ. ಅವನ ಹಲ್ಲುಗಳೆಲ್ಲ ಗಟ್ಟಿಯಾಗಿದ್ದವು.

ಮಾಘ ಹೋಯಿತು, ಫಾಲ್ಗುಣ ಹೋಯಿತು. ಸೆಟ್ಟು ನನ್ನನ್ನು ಬಿಟ್ಟು ಮದುವೆಗಳಿಗೆ ಹೋಗುತ್ತಿತ್ತು. ನಾನು ನೂಲು ಬಿಚ್ಚುತ್ತಾ, ಸಾಬರ ಟ್ರಂಪೆಟ್ಟು ಬೀದಿಯಲ್ಲಿ ಹಾದುಹೋಗುವುದನ್ನು ಒಳಗಿನಿಂದ ಕೇಳುತ್ತಿದ್ದೆ. ವೈಶಾಖದಲ್ಲಿ ಗೌರಿಬಿದನೂರಿನ ಒಂದು ದೊಡ್ಡ ಮದುವೆ ನಮಗೆ ನಿಗದಿಯಾಗಿತ್ತು. ಹಾಡುಗಳನ್ನು ಕ್ಲಾರಿನೆಟ್ಟಿನಲ್ಲೇ ಕೇಳಬೇಕೆಂದು ಆ ಮನೆಯವರು ಹೇಳಿದ್ದರು. ಮಾವ ಒಂದು ಸಂಜೆ ಬಂದು ನೇರವಾಗಿ ಹೇಳಿದರು.

"ಹಿಂದೂಪುರದಲ್ಲಿ ಒಬ್ನಿದಾನೆ. ಸ್ವಂತ ಕ್ಲಾರಿನೆಟ್ಟು ಇದೆ. ಗೌರಿಬಿದನೂರಿಗೆ ಅವನ್ನ ಕರೀತೀನಿ. ಅಷ್ಟ್ರಲ್ಲಿ ನಿಂದು ಸರಿಹೋದ್ರೆ ನೀನು, ಇಲ್ದಿದ್ರೆ ಅವನು."

"ಅವನು ಬಂದ್ರೆ ನಾನೇನ್ ಮಾಡ್ಲಿ?"

"ಜಾಲ್ರ ಹಿಡ್ಕೋ, ತಾಳ ಹಾಕು. ಅದಕ್ಕೆ ಹಲ್ಲು ಬೇಡ."

ಸಿಟ್ಟಿನಿಂದ ಹೇಳಿದ್ದಲ್ಲ, ಅದೇ ನನ್ನನ್ನು ಹೆದರಿಸಿತು. ಹೊರಗಿನ ಆಳು ಒಮ್ಮೆ ಸೆಟ್ಟಿಗೆ ಬಂದರೆ ಹೋಗುವುದಿಲ್ಲ.

ಚೈತ್ರದ ಆರಂಭದಲ್ಲಿ ಡಾಕ್ಟರಮ್ಮ ಕೊನೆಯ ಕೆಲಸ ಮಾಡಿದರು. ಕಾಗದದ ಸಣ್ಣ ಕಡ್ಡಿಗಳನ್ನು ನಾಳಕ್ಕೆ ಇಳಿಸಿ ತೆಗೆದು ನೋಡಿದರು. ಒದ್ದೆಯಿಲ್ಲ, ವಾಸನೆಯಿಲ್ಲ. ಗುಲಾಬಿ ಬಣ್ಣದ ರಬ್ಬರಿನಂಥ ಕಡ್ಡಿಗಳನ್ನು ಒಂದರ ಪಕ್ಕ ಒಂದು ತುಂಬಿ, ಹೊರಗುಳಿದ ತುದಿಗಳನ್ನು ಸ್ಪಿರಿಟ್ ದೀಪದಲ್ಲಿ ಕಾಯಿಸಿದ ಸಲಕರಣೆಯಿಂದ ಸುಟ್ಟು ಕತ್ತರಿಸಿದರು. ಎಕ್ಸ್‌ರೇಯಲ್ಲಿ ಬೇರಿನ ಉದ್ದಕ್ಕೂ, ಸರಿಯಾಗಿ ತುದಿಯವರೆಗೆ, ಬಿಳಿ ಗೆರೆ.

"ನೋಡಿ, ಎಷ್ಟು ನೀಟಾಗಿ ಬಂದಿದೆ," ಎಂದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. "ಇನ್ನು ಇದು ತೊಂದ್ರೆ ಕೊಡಲ್ಲ. ಒಂದಷ್ಟು ದಿನ ಬಿಟ್ಟು ಊದಿ."

ಬಿಟ್ಟೆ. ಚಕ್ಕುಲಿ ಕಡಿದೆ, ಸೀಬೆಕಾಯಿ ಕಡಿದೆ, ಏನೂ ಆಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ವಾದ್ಯ ಜೋಡಿಸಿ, ಹಲ್ಲನ್ನು ಗುಳಿಯಲ್ಲಿ ಕೂರಿಸಿ, ಸ್ವರ ಹಿಡಿದೆ. ಮೊದಲೆರಡು ಹಾಡು ಚೆನ್ನಾಗಿ ಹೋದವು. ಮೂರನೆಯದರ ನಡುವೆ ಮೂಗಿನ ಬುಡದಲ್ಲಿ ಅದೇ ನೋವು, ಅದೇ ಜಾಗ. ನಿಲ್ಲಿಸಿದೆ, ಇಳಿಯಿತು. ಮತ್ತೆ ಊದಿದೆ, ಬಂತು.

ಆಗ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ತೆಗೆದುಹಾಕಿದ ನರ ಹೇಗೆ ನೋಯುತ್ತದೆ? ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ. ಮಾವನಿಗೆ ಗೊತ್ತಿತ್ತು.

"ನರಾನೇ ಇಲ್ಲ ಅಂತೀಯ, ಮತ್ತೆ ನೋಯುತ್ತೆ ಅಂತೀಯ. ಸತ್ತೋನು ಎದ್ದುಬಂದು ಜಗಳ ಆಡ್ತಾನೇನೋ? ಮೋಸ ಮಾಡವ್ಳೆ ಅವಳು."

ಸಾಬರು ಗಂಭೀರವಾಗಿ ತಲೆಯಾಡಿಸಿ, "ಮೋಸ ಏನಿಲ್ಲ ಮಾಸ್ತರೆ. ಬೇರೆ ಯಾರ್ದೋ ನರ ಇವನ ಬಾಯಿಂದ ತೆಗ್ದಿದಾರೆ, ಅಷ್ಟೇ," ಎಂದರು.

ಮತ್ತೆ ಚಿಕ್ಕಬಳ್ಳಾಪುರ. ಈ ಸಲ ಡಾಕ್ಟರಮ್ಮನಿಗೂ ತಾಳ್ಮೆ ಕಡಿಮೆಯಾಗಿತ್ತು. ತಟ್ಟಿದರು, ಸ್ವಲ್ಪ ನೋವು. ಹೊಸ ಎಕ್ಸ್‌ರೇ ತೆಗೆದು ಹಳೆಯದರ ಪಕ್ಕ ಹಿಡಿದು ತೋರಿಸಿದರು. ಕಪ್ಪು ನೆರಳು ದೊಡ್ಡದಾಗಿರಲಿಲ್ಲ, ಚಿಕ್ಕದಾಗುತ್ತಿತ್ತು.

"ನನ್ನ ಕೆಲ್ಸದಲ್ಲಿ ತಪ್ಪಿಲ್ಲ," ಎಂದರು. "ನೀವು ಗಟ್ಟಿಯಾದ್ದು ಏನೋ ಕಚ್ತಾ ಇದೀರ. ಹೇಳ್ತಾ ಇಲ್ಲ."

"ಏನೂ ಕಚ್ಚಲ್ಲ."

"ಉಗುರು?"

"ಇಲ್ಲ."

"ನೂಲು? ಹಲ್ಲಲ್ಲಿ ಕಡೀತೀರಾ?"

"ಕೈಗೆ ಕತ್ತರಿ ಕೊಟ್ಟಿದಾರೆ."

"ಮತ್ತೆ ಯಾವಾಗ ನೋಯುತ್ತೆ?"

"ಊದಿದಾಗ. ಎಷ್ಟು ಸಲ ಹೇಳ್ಲಿ ಡಾಕ್ಟರಮ್ಮ, ಊದಿದಾಗ!"

"ಊದೋದಕ್ಕೂ ಹಲ್ಲಿಗೂ ಏನ್ರೀ ಸಂಬಂಧ?"

ಕೊನೆಗೆ ಅವರು ಎರಡು ದಾರಿ ಹೇಳಿದರು. ಬೆಂಗಳೂರಿಗೆ ಬರೆದುಕೊಡುತ್ತೇನೆ, ಅಲ್ಲಿ ವಸಡು ಬಿಡಿಸಿ ಬೇರಿನ ತುದಿಯನ್ನು ಕತ್ತರಿಸುತ್ತಾರೆ. ಬೇಡವೆಂದರೆ ಕಿತ್ತುಬಿಡೋಣ. ಯೋಚಿಸಿ ಬನ್ನಿ ಎಂದರು.

ಶಿಡ್ಲಘಟ್ಟದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಆ ಕೊನೆಯ ಪ್ರಶ್ನೆಯ ಮೇಲೆ ಬಹಳ ದೂರದವರೆಗೆ ಕೋಪವೇ ಇತ್ತು. ಇಷ್ಟು ಓದಿದವರು ಕೇಳುವ ಪ್ರಶ್ನೆಯೇ ಇದು? ಹಿಪ್ಪುನೇರಳೆ ತೋಟಗಳು ಹಿಂದೆ ಹೋಗುತ್ತಿದ್ದವು. ಅಲ್ಲೆಲ್ಲೋ ನನಗೆ ಹೊಳೆಯಿತು, ಅದು ತಿರಸ್ಕಾರದ ಮಾತಾಗಿರಲಿಲ್ಲ. ಅವರು ತಿಳಿಯದೆ ಕೇಳಿದ್ದರು. ಪುಷ್ಯದಿಂದ ಇಲ್ಲಿಯವರೆಗೆ ಅವರು ಊದುವುದೆಂದರೆ ಗಾಳಿ ಎಂದುಕೊಂಡಿದ್ದರು, ನಾನು ಹಲ್ಲು ಎಂದುಕೊಂಡಿದ್ದೆ. ಕಿತ್ತುಹಾಕುವ ಮುಂಚೆ ಒಂದು ಸಲ ಅವರ ಮುಂದೆ ಊದಿ ತೋರಿಸಬೇಕೆಂದು ನಿರ್ಧಾರ ಮಾಡಿದೆ. ಯಾರಿಗೂ ಹೇಳಲಿಲ್ಲ.

ಮರುದಿನ ಕ್ಲಾರಿನೆಟ್ಟಿನ ಪೆಟ್ಟಿಗೆಯೊಂದಿಗೆ ಮಹಡಿ ಹತ್ತಿದಾಗ ಬೆಂಚಿನ ಮೇಲೆ ರೋಗಿಗಳು ಕೂತಿದ್ದರು. ಕೆನ್ನೆಗೆ ಟವಲು ಕಟ್ಟಿಕೊಂಡಿದ್ದ ಒಬ್ಬ ಮುದುಕ ಪೆಟ್ಟಿಗೆ ನೋಡಿ, "ಯಾರ್ದಪ್ಪ ಮದ್ವೆ, ಡಾಕ್ಟರಮ್ಮಂದಾ?" ಎಂದ. ನನ್ನ ಸರದಿ ಬಂತು. ಹಲ್ಲು ಕೀಳಿಸುವ ಕುರ್ಚಿಯಲ್ಲಿ ಕೂತು ವಾದ್ಯ ಜೋಡಿಸಿದೆ. ಡಾಕ್ಟರಮ್ಮ ಬೇಡವೆನ್ನಲಿಲ್ಲ. ಆಯಾಸಗೊಂಡವರು ಒಪ್ಪುವ ಹಾಗೆ ಒಪ್ಪಿದರು.

ಊದಿದೆ. ಅವರು ಬಗ್ಗಿ, ನನ್ನ ಮೇಲುತುಟಿಯನ್ನು ಕನ್ನಡಿಯಿಂದ ಎತ್ತಿ ನೋಡಿದರು.

"ನಿಲ್ಸಿ, ನಿಲ್ಸಿ. ಹಲ್ಲು ಇದರ ಮೇಲೆ ಇಡ್ತೀರಾ? ನೇರವಾಗಿ?"

"ಮತ್ತೆ ಎಲ್ಲಿಡ್ಲಿ?"

"ಅಯ್ಯೋ, ದೇವ್ರೇ," ಎಂದರು. "ಇದನ್ನ ಮೊದ್ಲೇ ಹೇಳಕ್ಕೇನಾಗಿತ್ತು?"

"ನೀವು ಕೇಳ್ಬೇ..." ಎಂದು ಶುರು ಮಾಡಿ ನಿಲ್ಲಿಸಿದೆ. ಹೊರಗೆ ಮುದುಕ, "ಪೂರ್ತಿ ಹಾಡು ಊದಪ್ಪ," ಎಂದು ಕೂಗಿದ.

ಹಲ್ಲು ಹಲ್ಲಿಗೆ ತಾಗುವುದನ್ನು ನೋಡಲು ಅವರ ಬಳಿ ನೀಲಿ ಬಣ್ಣ ಹತ್ತುವ ಕಾಗದ ಇರುತ್ತದೆ. ಅದರ ಪಟ್ಟಿಯನ್ನು ಮೌತ್‌ಪೀಸಿನ ಮೇಲಿಟ್ಟು ಮತ್ತೆ ಊದಿಸಿದರು. ತೆಗೆದು ನೋಡಿದರೆ ನೀಲಿ ಇದ್ದುದು ಬೂದು ಹಲ್ಲಿನ ಅಂಚಿಗೆ ಮಾತ್ರ. ಪಕ್ಕದ ಬಲ ಮುಂಬಲ್ಲಿಗೆ ಒಂದು ಚುಕ್ಕೆಯೂ ತಾಗಿರಲಿಲ್ಲ. ಅವರು ಮೌತ್‌ಪೀಸನ್ನು ಕೈಗೆ ತೆಗೆದುಕೊಂಡು ಗುಳಿಯ ಮೇಲೆ ಉಗುರಾಡಿಸಿದರು.

"ಇದು ಯಾರ ಗುಳಿ?"

"ನಮ್ಮ ಮಾವಂದು. ಅವರು ಊದ್ತಿದ್ರು. ಹಲ್ಲು ಅಲ್ಲೇ ಇಡ್ಬೇಕು ಅಂತ ಕಲ್ಸಿದಾರೆ."

"ಅವರ ಹಲ್ಲಿನ ಸಾಲು ಬೇರೆ, ನಿಮ್ದು ಬೇರೆ. ಅವರ ಗುಳಿಗೆ ನಿಮ್ಮ ಒಂದೇ ಹಲ್ಲು ಕೂರುತ್ತೆ. ಇಡೀ ಭಾರ ಆ ಒಂದ್ರ ಮೇಲೆ." ಆಮೇಲೆ ನಿಧಾನವಾಗಿ, ನನಗೆ ತಿಳಿಯಲೆಂದು ಹೇಳಿದರು: "ಹಲ್ಲಿನ ಒಳಗಿನ ನರ ತೆಗ್ದಿದೀನಿ, ಅದು ನೋಯ್ತಾ ಇಲ್ಲ. ಆದ್ರೆ ಹಲ್ಲು ಮೂಳೆಗೆ ಅಂಟ್ಕೊಂಡಿರಲ್ಲ. ಸುತ್ತ ಸಣ್ಣ ಸಣ್ಣ ನಾರುಗಳು ಅದನ್ನ ಹಿಡಿದಿರುತ್ತವೆ. ಅವಕ್ಕೆ ಜೀವ ಇದೆ. ಬೇರಿನ ತುದೀಲಿ ಗಾಯ ಮಾಯ್ತಾ ಇದೆ. ನೀವು ಅದರ ಮೇಲೆ ಗೂಟ ಹೊಡ್ದಂಗೆ ಹೊಡೀತಾ ಇದೀರ."

ತೆಗೆದ ನರ ಹೇಗೆ ನೋಯುತ್ತದೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಸತ್ತವನು ಎದ್ದುಬಂದು ಜಗಳವಾಡುತ್ತಿರಲಿಲ್ಲ. ಅವನನ್ನು ಹೊತ್ತವರು ಬದುಕಿದ್ದರು.

ಗುಳಿಯನ್ನು ತುಂಬಿಬಿಡಬಹುದು ಎಂದರು ಡಾಕ್ಟರಮ್ಮ. ಕಟ್ಟಿಸಿದ ಹಲ್ಲುಗಳ ವಸಡಿಗೆ ಬಳಸುವ ಗುಲಾಬಿ ಪುಡಿಯೂ ದ್ರಾವಣವೂ ಅವರಲ್ಲಿತ್ತು.

"ಇದು ಮಾವನ ವಸ್ತು," ಎಂದೆ.

"ಹಾಗಾದ್ರೆ ಅವರನ್ನ ಕೇಳ್ಕೊಂಡು ಬನ್ನಿ."

ಕೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಕುಂಕುಮ ಇಡುವ ಜಾಗ ಅದು. ಕಿಟಕಿಯಾಚೆ ಬಸ್ಸೊಂದು ಹಾರ್ನ್ ಹೊಡೆಯುತ್ತಿತ್ತು.

"ಕೇಳಿದ್ರೆ ಆಗಲ್ಲ ಡಾಕ್ಟರಮ್ಮ. ತುಂಬಿಸಿ."

ಪುಡಿ ಹಿಡಿದು ನಿಲ್ಲಲೆಂದು ಮೊದಲು ಗುಳಿಯ ಒಳಗನ್ನು ಯಂತ್ರದಿಂದ ತರಿತರಿಯಾಗಿ ಮಾಡಿದರು. ಅದೇ ಯಂತ್ರ ನನ್ನ ಹಲ್ಲು ಕೊರೆದಾಗ ನಾನು ಇಷ್ಟು ಬೆವರಿರಲಿಲ್ಲ. ಗುಲಾಬಿ ಹಿಟ್ಟನ್ನು ತುಂಬಿ, ಗಟ್ಟಿಯಾಗುವವರೆಗೆ ಕಾದು, ನಯ ಮಾಡಲು ಹೋದರೆ ಕರೆಂಟು ಹೋಯಿತು. ಇಬ್ಬರಿಗೂ ನಗು ಬಂತು. ಮರಳು ಕಾಗದ ಕೊಟ್ಟರು, ನಾನೇ ಉಜ್ಜಿದೆ. ಕರೆಂಟು ಬಂದ ಮೇಲೆ ಹಲ್ಲಿನ ಅಂಚನ್ನು ತುಸು ಸವರಿದರು. ಕೆಳಗೆ ಸೈಕಲ್ ಶಾಪಿನಲ್ಲಿ ಹಳೆಯ ಟ್ಯೂಬಿನ ತುಂಡು ಕತ್ತರಿಸಿಕೊಂಡು, ಪಂಕ್ಚರ್ ಸಲ್ಯೂಷನ್ನಿನಿಂದ ಮೌತ್‌ಪೀಸಿನ ಮೇಲೆ ಅಂಟಿಸಿದೆವು. ಈಗ ಕಾಗದ ಇಟ್ಟು ಊದಿದರೆ ನೀಲಿ ಎರಡು ಹಲ್ಲಿಗೂ ಹತ್ತಿತು.

ಸ್ವರ ಮಾತ್ರ ಹಾಳಾಗಿತ್ತು. ಹಲ್ಲು ಹಳೆಯ ಜಾಗ ಹುಡುಕಿಕೊಂಡು ಜಾರುತ್ತಿತ್ತು, ವಾದ್ಯ ಕಿರುಚುತ್ತಿತ್ತು. ಕೆರೆಯ ಏರಿಯ ಮೇಲೆ ಹೋಗಿ ದಿನವೂ ಅಭ್ಯಾಸ ಮಾಡಿದೆ, ಮೊದಮೊದಲು ಸ್ವಲ್ಪ ಹೊತ್ತು, ಆಮೇಲೆ ಹೆಚ್ಚು. ನೋವು ಒಮ್ಮೆಗೇ ಹೋಗಲಿಲ್ಲ. ದಿನದಿಂದ ದಿನಕ್ಕೆ ತಡವಾಗಿ ಬರತೊಡಗಿತು, ಆಮೇಲೆ ಒಂದು ದಿನ ಬರಲಿಲ್ಲ. ಟ್ಯೂಬಿನ ತುಂಡು ನೋಡಿದ ಸಾಬರಿಗೆ, ಜಾರದಿರಲೆಂದು ಹಾಕಿದ್ದು ಎಂದೆ. "ಪಂಕ್ಚರ್ ಆಗಿತ್ತಾ?" ಎಂದು ಕೇಳಿ ಅವರು ಮುಂದೆ ಹೋದರು. ಮಾವ ವಾದ್ಯವನ್ನು ಮುಟ್ಟುತ್ತಿದ್ದುದು ಮೆರವಣಿಗೆಯ ಮುಂಚೆ ಮಾತ್ರ.

ಗೌರಿಬಿದನೂರಿನಲ್ಲಿ ಹಿಂದೂಪುರದವನು ನಮಗಿಂತ ಮುಂಚೆ ಬಂದಿದ್ದ. ಮಾವ ಇಬ್ಬರಿಗೂ ಹೇಳಿದ್ದರು. ಅವನು ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು, ಮಾವ ಆಗಷ್ಟೇ ಕೊಟ್ಟ ನಮ್ಮ ಸೆಟ್ಟಿನ ಬಿಡಿ ಕೋಟೊಂದನ್ನು ಹಾಕಿಕೊಂಡು, ಛತ್ರದ ಗೇಟಿನ ಹತ್ತಿರ ನಿಂತಿದ್ದ. ಗಂಡನ್ನು ಕಾರಿಗೆ ಕೂರಿಸಿದರು. ಡ್ರಮ್ಮಿನವನು ಕೋಲು ಎತ್ತಿಕೊಂಡ. ಮಾವ ನನ್ನ ಮುಂದೆ ಬಂದು ಕೈ ಚಾಚಿದರು. ವಾದ್ಯ ಕೊಟ್ಟೆ.

ಹೆಬ್ಬೆರಳು ಅಭ್ಯಾಸದಂತೆ ಗುಳಿಗೆ ಹೋಯಿತು. ರಬ್ಬರು ಸಿಕ್ಕಿತು. ಉಗುರಿನಿಂದ ಅದರ ಒಂದು ಮೂಲೆಯನ್ನು ಎತ್ತಿ ನೋಡಿದರು. ಕಪ್ಪಿನ ನಡುವೆ ಗುಲಾಬಿ ಕಲೆ ಕಂಡಿತು. ಬೆರಳನ್ನು ಅದರ ಮೇಲೆ ಒಮ್ಮೆ ಆಡಿಸಿದರು. ತಗ್ಗೇನೂ ಸಿಗಲಿಲ್ಲ.

"ತುಂಬಿಸ್ಬಿಟ್ಟೆ ಮಾವ," ಎಂದೆ. "ಕೇಳಿದ್ರೆ ಬೇಡ ಅಂತಿದ್ರಿ. ನಿಮ್ಮ ಗುಳಿ ನನ್ನ ಹಲ್ಲಿಗೆ ಹೊಂದಲ್ವಂತೆ. ಅದ್ರಿಂದ್ಲೇ ನೋವಂತೆ."

ಮಾವ ತಲೆ ಎತ್ತಲಿಲ್ಲ. ಅವರ ನಾಲಿಗೆ ಮೇಲಿನ ಸಾಲಿನ ಸಂದಿಗೆ ಹೋಗಿ ಅಲ್ಲೇ ನಿಂತಿತು. ಎಡಗಡೆಯ ಮುಂಬಲ್ಲು ಇರಬೇಕಾದ ಜಾಗ, ನನ್ನ ಬೂದು ಹಲ್ಲಿನದೇ. ಅದು ಎಡಗಡೆಯದೆಂದು ನಾನು ಗಮನಿಸಿದ್ದು ಆಗಲೇ.

"ನಂದಲ್ಲ ಕಣೋ ಅದು," ಎಂದರು. "ನನಗೆ ಕಲ್ಸಿದೋರು ಕೊಟ್ಟಾಗ್ಲೇ ಇತ್ತು. ಹಲ್ಲು ಅಲ್ಲಿಡು ಅಂದ್ರು, ಇಟ್ಟೆ."

ಡ್ರಮ್ಮಿನವನು ನಮ್ಮಿಬ್ಬರನ್ನೂ ನೋಡುತ್ತಿದ್ದ. ಮಾವ ರಬ್ಬರಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದರು. ಊದಲಿಲ್ಲ. ವಾದ್ಯವನ್ನು ನನ್ನ ಕೈಗೆ ಕೊಟ್ಟು, "ನೀನೇ ಊದು," ಎಂದರು.

ಹಲ್ಲಿಟ್ಟು ಮೊದಲ ಸ್ವರ ಹಿಡಿದೆ. ಗೇಟಿನ ಹತ್ತಿರ ಹಿಂದೂಪುರದವನು ಪೆಟ್ಟಿಗೆಯನ್ನು ನೆಲಕ್ಕಿಟ್ಟ. ಆ ಸ್ವರ ಮುಗಿಯುವವರೆಗೂ ಮಾವ ನನ್ನ ಬೆರಳುಗಳನ್ನು ನೋಡಲಿಲ್ಲ, ಹಲ್ಲು ಕೂತ ಜಾಗವನ್ನೇ ನೋಡುತ್ತಿದ್ದರು.